ಸುಮ್ಮನಿರುವ ಮಂದಿ

ಎದ್ದ ಕೂಡಲೇ ಒಲೆಯ ಬೂದಿ ತೆಗೆಯುವುದು. ಹಂಡೆಗೆ ನೀರು ತುಂಬಿ ಉರಿ ಹಚ್ಚುವುದು. ನೀರು ಕಾಯುವಷ್ಟರಲ್ಲಿ ಹಾಸಿಗೆ ಹಿಡಿದ ಅತ್ತೆಯ ಕೆಳಗಿನ ಬಟ್ಟೆ ಎಳೆದು, ಮೈ ಒರೆಸಿ, ಒಣಗಿದ್ದು ಹಾಸುವುದು. ಎಳೆದದ್ದನ್ನು ಹಿತ್ತಲ ಕಲ್ಲಿಗೆ ಕುಕ್ಕಿ ತಂತಿಗೆ ಹಾಕುವುದು. ಎಮ್ಮೆಯ ಸಗಣಿ ಬಳಿಯುವುದು, ಹಾಲು ಹಿಂಡುವುದು. ಜೋಳದ ಹಿಟ್ಟು ನಾದಿ ಹದಿನೆಂಟು ರೊಟ್ಟಿ ಬಡಿಯುವುದು. ಗಂಡನಿಗೆ ಮೆತ್ತಗಿನವು ಬೇರೆ, ಮಗ ಗಜಾನನನ ಬುತ್ತಿಗೆ ಬೇರೆ, ಅತ್ತೆಗೆ ಹಾಲಿನಲ್ಲಿ ಹಿಸುಕಲು ಒಂದೂವರೆ. ಹೆಸರುಕಾಳಿನ ಪಲ್ಯ. ನಳ ಬರುವ ದಿನವಾದರೆ ಹನ್ನೆರಡು ಕೊಡ ನೀರು. ಬಾಗಿಲಿಗೆ ನೀರು ಹೊಡೆದು ಎರಡು ಗೆರೆ ರಂಗೋಲಿ. ಕಡೆಗೆ ಗಂಡ ಶಿವಪುತ್ರನ ಚಹಾ ಮಾಡಿ, ಮುಚ್ಚಿ, ಒಲೆಯ ಕಟ್ಟೆಯ ಮುಂದಂಚಿಗೆ ಇಡುವುದು. ಹಿಂದೆ ಇಟ್ಟರೆ ಅವನಿಗೆ ಕಾಣುವುದಿಲ್ಲ. ಕಾಣದಿದ್ದರೆ ಆ ದಿನ ಮನೆಯಲ್ಲಿ ಚಹಾ ಆಗಿಲ್ಲವೆಂದೇ ಅರ್ಥ.

ಇಷ್ಟೂ ಮುಗಿದಾಗ ಮೇಲವಂಕಿಯಲ್ಲಿ ಇನ್ನೂ ಬೆಳಕು ಹರಿದಿರುವುದಿಲ್ಲ. ಶೆಟ್ಟೆವ್ವ ಕೆಲಸದ ನೀಲಿ ಸೀರೆ ಉಟ್ಟು, ಎರಡು ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡು ಗೋಕಾಕದ ಮೊದಲ ಬಸ್ಸು ಹಿಡಿಯುತ್ತಾಳೆ. ಕಿಟಕಿಯ ಸರಳಿಗೆ ತಲೆ ಆನಿಸಿ ನಿದ್ದೆ ಹೋಗುತ್ತಾಳೆ. ಕಂಡಕ್ಟರನಿಗೆ ಅವಳ ಗುರುತಿದೆ, ಎಬ್ಬಿಸದೆ ಹೆಂಗಸರ ಪುಕ್ಕಟೆ ಟಿಕೀಟನ್ನು ಮಡಿಲಿನಲ್ಲಿಟ್ಟು ಮುಂದೆ ಹೋಗುತ್ತಾನೆ. ಯಾರೂ ಅವಳನ್ನು ಕರೆಯದ ಹೊತ್ತೆಂದರೆ ದಿನದಲ್ಲಿ ಆ ಮುಕ್ಕಾಲು ತಾಸು ಒಂದೇ.

"ಶಿವಪುತ್ರನ ಹೇಣ್ತಿ ಭಾಳ ಸುಮ್ಮನ ಹೆಣ್ಣಮಗಳು" ಎಂದು ಊರಿನಲ್ಲಿ ಅವಳ ಹೆಸರಿದೆ. ಕನ್ಯೆ ನೋಡಲು ಬಂದ ದಿನ ಅತ್ತೆ ಮೆಚ್ಚಿಕೊಂಡದ್ದೂ ಅದನ್ನೇ. "ಹುಡಿಗಿ ಕಪ್ಪ ಇದ್ರೂ ಸುಮ್ಮನ ಐತಿ" ಎಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಿದ್ದಳಂತೆ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಶೆಟ್ಟೆವ್ವ ಆ ಮಾತನ್ನು ಸುಳ್ಳು ಮಾಡಿಲ್ಲ. ಮನೆಯಲ್ಲಿ ಏನಾದರೂ ಕಡಿಮೆ ಬಿದ್ದರೆ, ಪಲ್ಯವಿರಲಿ, ಹೊದಿಕೆಯಿರಲಿ, ನಿದ್ದೆಯಿರಲಿ, ಅದು ತಾನಾಗಿಯೇ ಅವಳ ಪಾಲಿನಲ್ಲಿ ಕಡಿಮೆಯಾಗುತ್ತದೆ. ಯಾರೂ ಕಸಿದುಕೊಳ್ಳುವುದಿಲ್ಲ. ಯಾರೂ ಕೇಳುವುದೂ ಇಲ್ಲ.

ಗೋಕಾಕದ ಒಂದು ದವಾಖಾನೆಯಲ್ಲಿ ಅವಳು ಗುತ್ತಿಗೆಯ ಆಯಾ. ಒಂಬತ್ತು ವರ್ಷವಾಯಿತು. ದಿನ ತುಂಬದೆ ಹುಟ್ಟಿದ, ತೂಕವಿಲ್ಲದ, ಉಸಿರಿಗೆ ಒದ್ದಾಡುವ ಕೂಸುಗಳನ್ನು ಇಡುವ ಕೋಣೆ ಅವಳ ಪಾಲಿನದು. ಮಂದಿ ಅದಕ್ಕೆ ಪೆಟಗಿ ಖೋಲಿ ಎನ್ನುತ್ತಾರೆ. ಒಳಗೆ ಎಂಟು ಪೆಟಗಿ, ಅಂದರೆ ಮೇಲಿನಿಂದ ಶಾಖ ಕೊಡುವ ಎಂಟು ತೊಟ್ಟಿಲು. ಮೂರು ಹೊತ್ತು ನೆಲ ಒರೆಸುವುದು, ಕೂಸಿನ ಬಟ್ಟೆ ಒಗೆಯುವುದು, ಹಾಲಿನ ವಾಟಿ ಕುದಿಸುವುದು ಶೆಟ್ಟೆವ್ವನ ಕೆಲಸ. ಅದಕ್ಕಿಂತ ದೊಡ್ಡದು ಬಾಗಿಲು ಕಾಯುವುದು. ಒಳಗಿನ ನರ್ಸುಗಳು ಹೊರಗೆ ಬರುವುದಿಲ್ಲ. ಹೊರಗಿನ ಮಂದಿ ಒಳಗೆ ಹೋಗುವಂತಿಲ್ಲ, ಹಾಲು ಕೊಡುವ ತಾಯಂದಿರ ಹೊರತು. ಎರಡೂ ಕಡೆಯ ಮಾತು ಶೆಟ್ಟೆವ್ವನ ಬಾಯಿಂದಲೇ ದಾಟಬೇಕು.

ಬಾಗಿಲು ಅರ್ಧ ತೆರೆದು ಅವಳು ಕರೆಯುವುದು ತಾಯಿಯ ಹೆಸರಿನಿಂದ. ಕೂಸಿನ ಕೈಗೆ ಕಟ್ಟಿದ ಪಟ್ಟಿಯ ಮೇಲೂ ಅದೇ ಇರುತ್ತದೆ: ದೀಪಾನ ಕೂಸು, ಸಪ್ನಾನ ಕೂಸು. ಜಗತ್ತಿನಲ್ಲಿ ಕೂಸು ತಾಯಿಯ ಹೆಸರಿನಲ್ಲಿರುವ ಜಾಗ ಇದೊಂದೇ, ಅದೂ ಬದುಕುತ್ತದೋ ಇಲ್ಲವೋ ಎಂದು ಗೊತ್ತಾಗುವ ತನಕ. ಬದುಕಿ ಹೊರಬಿದ್ದ ದಿನ ಅಪ್ಪನ ಹೆಸರು ಹತ್ತುತ್ತದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಆ ಕೋಣೆಯ ಹಿರಿಯ ನರ್ಸು ಸಿಸ್ಟರ್ ಸುಮನ್ ಒಂದು ಪ್ರಶ್ನೆ ಕೇಳಿದ್ದಳು. ಎಂಟೂ ಪೆಟಗಿ ತುಂಬಿದ್ದವು. ಎಲ್ಲಿಂದಲೋ ಒಂಬತ್ತನೆಯ ಕೂಸು ಬರುವುದಿತ್ತು.

"ಶೆಟ್ಟೆವ್ವಾ, ಹೊರಗ ಸುಮ್ಮನ ಇರೋ ಮಂದಿ ಯಾರದೈತಿ?"

ಶೆಟ್ಟೆವ್ವನಿಗೆ ಖುಷಿಯಾಗಿತ್ತು. ಓದಿದ ಸಿಸ್ಟರ್ ತನ್ನನ್ನು ಕೇಳುತ್ತಿದ್ದಾಳೆ, ಅದೂ ಒಳ್ಳೆಯ ಮಂದಿ ಯಾರು ಎಂದು. ಸುಮ್ಮನಿರುವುದು ಅವಳ ಲೋಕದಲ್ಲಿ ಹೆಣ್ಣಿಗೆ ಕೊಡುವ ಎಲ್ಲಕ್ಕೂ ದೊಡ್ಡ ಹೊಗಳಿಕೆ. ಸಂಭಾವಿತರಿಗೆ ಏನೋ ಅನುಕೂಲ ಮಾಡಿಕೊಡುತ್ತಾರೆ, ತಾಯಿಗೆ ಮಂಚ ಕೊಡಬಹುದು, ದೊಡ್ಡ ಡಾಕ್ಟರು ಬಂದು ಮಾತಾಡಿಸಬಹುದು ಎಂದುಕೊಂಡಳು. ಆಗ ಅವಳ ಊರಿನವಳೇ ಆದ ಉದ್ದವ್ವ ಹೊರಗಿದ್ದಳು, ಮೊದಲ ಬಾಣಂತನ.

"ನಮ್ಮ ಉದ್ದವ್ವ ಅದಾಳಲ್ರಿ, ನಮ್ಮ ಮೇಲವಂಕಿ ಸೊಸಿ. ಭಾಳ ಸುಮ್ಮನ ಮಂದಿ ರಿ. ಹೊಡದ್ರೂ ಎದುರು ಆಡೂದಿಲ್ಲ" ಎಂದು ಶಿಫಾರಸು ಮಾಡಿದಳು.

ಅರ್ಧ ತಾಸಿನಲ್ಲಿ ಉದ್ದವ್ವನ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ಕೊಟ್ಟರು. ಈಗ ಆರಾಮ ಐತಿ, ವಾರ್ಡಿನಾಗ ತಾಯಿ ಬಾಜೂ ಇರಲಿ ಎಂದರು. ವಾರ್ಡಿನಲ್ಲಿ ಮೇಲೆ ಫ್ಯಾನು ತಿರುಗುತ್ತಿತ್ತು, ಕೂಸಿನ ಅಂಗಾಲು ತಣ್ಣಗಿದ್ದವು. ಶೆಟ್ಟೆವ್ವ ತನ್ನ ಚೀಲದಿಂದ ಹಳೆಯ ದುಪ್ಪಟಿ ತೆಗೆದು ಹೊದಿಸಿ ಬಂದಳು. ಎರಡು ದಿನ ಬಿಟ್ಟು ಉದ್ದವ್ವನ ಮನೆಯವರು ಕೂಸನ್ನು ಊರಿಗೆ ಒಯ್ದರು.

ವರುಷದ ಮೇಲೆ ಒಂದು ದಿನ ಸಿಸ್ಟರ್ ಸುಮನ್ ಹೊಸ ನರ್ಸಿಗೆ ಕೆಲಸ ಕಲಿಸುತ್ತಿದ್ದದ್ದು ಶೆಟ್ಟೆವ್ವನ ಕಿವಿಗೆ ಬಿತ್ತು. "ಜಾಗಾ ಇರಲಿಲ್ಲಂದ್ರ ಶೆಟ್ಟೆವ್ವನ್ನ ಕೇಳು, ಸುಮ್ಮನ ಇರೋ ಮಂದಿ ಕೂಸು ಯಾವದು ಅಂತ. ಅದನ್ನ ಹೊರಗ ಹಾಕು. ಒದರೂ ಮಂದಿ ಕೂಸು ಮುಟ್ಟಬ್ಯಾಡ. ಆಮ್ಯಾಲೆ ಸುಧಾರ್ಸೋದು ಆಗೂದಿಲ್ಲ."

ಶೆಟ್ಟೆವ್ವ ಒರೆಸಿದ ನೆಲವನ್ನೇ ಮತ್ತೊಮ್ಮೆ ಒರೆಸಿದಳು. ಆ ಒಂದು ವರ್ಷದಲ್ಲಿ ತಾನು ಎಷ್ಟು ಮಂದಿಯನ್ನು ಹೊಗಳಿದೆ ಎಂದು ನೆನಪು ಮಾಡಿಕೊಳ್ಳಲು ಅವಳು ಹೆದರಿದಳು. ಒಬ್ಬಳನ್ನು ಮಾತ್ರ ಮರೆಯಲು ಬರುವಂತಿರಲಿಲ್ಲ. ಉದ್ದವ್ವ ದಿನ ಬಿಟ್ಟು ದಿನ ನಳದ ಹತ್ತಿರ ಸಿಗುತ್ತಾಳೆ.

"ನಿನ್ನ ಉಪಕಾರ ಮರಿಯಾಂಗಿಲ್ಲ ಯಕ್ಕಾ" ಎಂದಿದ್ದಳು ಉದ್ದವ್ವ ಒಮ್ಮೆ, ಕೊಡ ಎತ್ತುತ್ತ. "ನೀ ಕೊಟ್ಟ ದುಪಟಿ ಇತ್ತಲ್ಲ, ಅದರಾಗ ಸುತ್ತಿ ಮಣ್ಣು ಕೊಟ್ವಿ. ಬರೇ ಮೈಲೆ ಹೋಗಲಿಲ್ಲ ನನ್ನ ಕೂಸು."

ಶೆಟ್ಟೆವ್ವ ಬಗ್ಗಿ ತನ್ನ ಕೊಡವನ್ನು ನಳದ ಕೆಳಗೆ ಸರಿಸಿದಳು.

ಅಲ್ಲಿಂದೀಚೆ ಆ ಪ್ರಶ್ನೆ ಬಂದಾಗಲೆಲ್ಲ ಅವಳದು ಒಂದೇ ಉತ್ತರ: "ನನಗ ಗೊತ್ತಿಲ್ಲ ರಿ." ಅದರಿಂದ ಏನೂ ಬದಲಾಗಲಿಲ್ಲ. ಅವಳು ಹೇಳದಿದ್ದರೆ ಸಿಸ್ಟರ್ ಕಾಗದಪತ್ರ ತೆಗೆದು, ಯಾವುದರ ಮೇಲೆ ಸಹಿಯ ಬದಲು ಹೆಬ್ಬೆಟ್ಟು ಒತ್ತಿದೆಯೋ ಅದನ್ನು ಆರಿಸುತ್ತಿದ್ದಳು. ಕೈ ತೊಳೆದುಕೊಂಡದ್ದು ಶೆಟ್ಟೆವ್ವ ಮಾತ್ರ.

ಸಿಸ್ಟರ್ ಸುಮನ್ ಕೆಟ್ಟವಳೆಂದರೆ ಸುಲಭವಾಗುತ್ತಿತ್ತು. ಹನ್ನೆರಡು ತಾಸಿನ ಪಾಳಿಯಲ್ಲಿ ಎಂಟು ಕೂಸಿಗೆ ಇಬ್ಬರೇ ನರ್ಸು. ಮನೆಗೆ ಹೋದರೆ ಅವಳದೂ ಇದೇ ರೊಟ್ಟಿ, ಮೇಲೆ ಮಾವನ ಔಷಧ. ಶೆಟ್ಟೆವ್ವ ಕೆಲಸಕ್ಕೆ ಸೇರುವ ಎರಡು ವರ್ಷ ಮೊದಲು ಯಾರೋ ದೊಡ್ಡವರ ಕೂಸನ್ನು ನಿಯಮದ ಪ್ರಕಾರ ವಾರ್ಡಿಗೆ ಕಳಿಸಿದ್ದಕ್ಕೆ ಆ ಮಂದಿ ಬಾಗಿಲಿನ ಗಾಜು ಒಡೆದು, ಅವಳ ಕಪಾಳಕ್ಕೆ ಹೊಡೆದಿದ್ದರು. ಮರುದಿನ ಮೇಲಿನವರು ವಿವರಣೆ ಕೇಳಿ ಪತ್ರ ಕೊಟ್ಟದ್ದು ಅವಳಿಗೆ. ಅಂದಿನಿಂದ ಅವಳು ಕೂಸಿನ ತೂಕಕ್ಕಿಂತ ಮೊದಲು ಕೂಸಿನ ಹಿಂದಿನ ಮಂದಿಯ ತೂಕ ನೋಡುತ್ತಾಳೆ.

ದೀಪಾ ಬಂದು ಹನ್ನೊಂದು ದಿನವಾಗಿತ್ತು. ಹಿಡಕಲ್ ಕಡೆಯ ಕುರುಬರ ಹುಡುಗಿ, ಹತ್ತೊಂಬತ್ತು ತುಂಬಿರಲಿಲ್ಲ. ಹುಕ್ಕೇರಿಯಲ್ಲಿ ಏಳು ತಿಂಗಳಿಗೇ ಹೆರಿಗೆಯಾಗಿ, ಕೂಸು ಉಳಿಯಬೇಕಾದರೆ ಗೋಕಾಕಕ್ಕೆ ಒಯ್ಯಿರಿ ಎಂದು ಕಳಿಸಿದ್ದರು. ಹೆಣ್ಣು ಕೂಸು, ಒಂದು ಕಿಲೋ ಎರಡು ನೂರು. ಗಂಡ ಮಾಳು ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಜೊತೆಗೆ ಇದ್ದವಳು ಅತ್ತೆ ಬಾಳವ್ವ ಒಬ್ಬಳೇ. ದಿನಕ್ಕೆ ಮೂರು ಸಲ ದೀಪಾ ಒಳಗೆ ಹೋಗಿ ಕುಬಸದ ಗುಂಡಿ ಬಿಚ್ಚಿ ಕೂಸನ್ನು ಎದೆಗೆ ಹಚ್ಚಿಕೊಂಡು, ಬಟ್ಟೆ ಕಟ್ಟಿಸಿಕೊಂಡು, ಎರಡೆರಡು ತಾಸು ಅಲುಗದೆ ಕೂರುತ್ತಿದ್ದಳು. ತಾಯಿಯ ಮೈಯ ಬಿಸಿ ಅದಕ್ಕೆ ಔಷಧ ಎಂದಿದ್ದರು. ಉಳಿದ ಹೊತ್ತು ಹಾಲು ಹಿಂಡಿ ವಾಟಿಗೆ ಕೊಡುವುದು. ಕೂಸಿಗೆ ಚೀಪಲು ಬರುತ್ತಿರಲಿಲ್ಲ, ಮೂಗಿನ ನಳಿಕೆಯಿಂದ ಹಾಕುತ್ತಿದ್ದರು.

"ಇಲ್ಲಿ ಕುಂತ ಕುಂತ ಉಣ್ಣಾಕತ್ತೀ" ಎಂದಳು ಬಾಳವ್ವ ಅಂದು ಮುಂಜಾನೆ, ಹೊರಗಿನ ಪಡಸಾಲೆಯಲ್ಲಿ. "ಅಲ್ಲಿ ಮನಿ ಕಡೆ ಉಳಿದ ಕುರಿ ಮರಿ ಹಾಕೋ ಹೊತ್ತು. ಮನ್ಯಾಗ ಒಂದು ಹೆಣ್ಣು ಜೀವ ಇಲ್ಲ. ನನ್ನ ಮಾತು ಕೇಳು, ಕರಕೊಂಡ ಹೋಗೂಣು. ಇದಕಿಂತ ಸಣ್ಣ ಮರಿ ಬದಕಿಸೇನಿ ನಾ, ಕಂಬಳ್ಯಾಗ ಸುತ್ತಿ ಒಲಿ ಬಾಜೂ ಇಟ್ಟು."

"ಮರಿಗೆ ಕುಡ್ಯಾಕ ಬರತೈತಿ ಅತ್ತಿ. ಇದಕ್ಕ ಬರಾಂಗಿಲ್ಲ."

"ಮರಿ ಎರಡನೇ ದಿನಕ್ಕ ಎದ್ದು ನಿಲ್ಲತೈತಿ. ನಿನ್ನ ಮಗಳಿಗೆ ಏನು ಬರತೈತಿ ಹೇಳು."

ದೀಪಾ ನಗಬೇಕೋ ಅಳಬೇಕೋ ತಿಳಿಯದೆ ಸೆರಗು ಕಚ್ಚಿಕೊಂಡಳು. ಬಾಳವ್ವನೂ ಒಂದು ರೀತಿಯಲ್ಲಿ ಹೇಳಿದ್ದು ಖರೆಯೇ. ಅವಳು ಎಷ್ಟೋ ಮರಿಗಳನ್ನು ರಾತ್ರಿಯೆಲ್ಲ ಎದ್ದು ಕುಳಿತು ಉಳಿಸಿದವಳು. ಮರಿ ಸತ್ತರೆ ಆ ನಷ್ಟ ಮನೆಗೆ ಗೊತ್ತಾಗುತ್ತಿತ್ತು.

ಅತ್ತೆ ನೀರು ತರಲು ಹೋದಾಗ ದೀಪಾ ಶೆಟ್ಟೆವ್ವನ ಹತ್ತಿರ ಬಂದಳು.

"ಅಕ್ಕಾರ, ನನ್ನ ಕೂಸಿನ್ನ ಹೊರಗ ಹಾಕ್ತಾರೇನ್ರಿ?"

"ಯಾರ ಅಂದ್ರು?"

"ಯಾರೂ ಅನ್ನಲಿಲ್ರಿ. ಹಂಗ ಅನಸ್ತೈತಿ. ವಾರ್ಡಿಗೆ ಹಾಕಿದ್ರ ನಮ್ಮತ್ತಿ ಸಂಜಿ ಬಸ್ಸಿಗೇ ಎಬ್ಬಸ್ತಾಳ್ರಿ. ಇನ್ನ ಹದಿನೈದ ದಿನರ ಪೆಟಗ್ಯಾಗ ಇರಬೇಕು ಅಂದಾರ ಡಾಕ್ಟರಬಾಯಿ."

"ಹಂಗಾದ್ರ ಸುಮ್ಮನ ಕುಂದ್ರಬ್ಯಾಡ. ಬಾಯಿ ಮಾಡು. ಕೇಳು."

"ಏನಂತ ಕೇಳಲ್ರಿ?" ದೀಪಾ ತನ್ನ ಕಾಲ ಬೆರಳು ನೋಡಿಕೊಂಡಳು. "ನಮ್ಮ ಮನ್ಯಾಗ ಉಪ್ಪು ಕಡಿಮಿ ಆಗೇತಿ ಅನ್ನಾಕೂ ಬಾಯಿ ಬರೂದಿಲ್ಲ ನನಗ."

ಅಂಥ ಬಾಯಿ ಶೆಟ್ಟೆವ್ವನಿಗೂ ಎಂದೂ ಬಂದಿರಲಿಲ್ಲ.

ದೀಪಾನ ಕೂಸಿನ ಪಕ್ಕದ ಪೆಟಗಿಯಲ್ಲಿ ಸಪ್ನಾನ ಕೂಸಿತ್ತು. ಗಂಡು, ಎರಡೂವರೆ ಕಿಲೋ, ಮೈತುಂಬ ಕಾಮಾಲೆಯಾಗಿ ಬಂದದ್ದು ಮೂರು ದಿನದಲ್ಲಿ ಇಳಿದಿತ್ತು. ಮೂಡಲಗಿಯ ಬಸವಣ್ಣೆಪ್ಪನವರ ಮೊಮ್ಮಗ. ನಲವತ್ತು ಎಕರೆ ಕಬ್ಬು, ಎರಡು ಜೀಪು, ಹದಿನೈದು ಮಂದಿ. ಮೂರು ದಿನದಿಂದ ಆ ಮಂದಿ ಪಡಸಾಲೆಯಲ್ಲಿ ಜಮಖಾನೆ ಹಾಸಿಕೊಂಡು ಕೂತಿತ್ತು. ಬಾಗಿಲಿಗೆ ಸರಿಯಾಗಿ ಆ ಮನೆಯ ಹೆಂಗಸು, ಕೂಸಿನ ಚಿಗವ್ವ, ಮಾಯಾ ಎಂದು ಹೆಸರು, ಕಾವಲು ಕೂರುತ್ತಿದ್ದಳು. ಒಳಗೆ ಯಾವ ಕೂಸು ಅತ್ತರೂ ಎದ್ದು ಗಾಜು ಬಡಿದು "ನಮ್ಮದೇನ್ರಿ ಅದು?" ಎಂದು ಕೇಳುವುದು ಅವಳ ಕೆಲಸ. ಮೂರು ದಿನ ಅವಳು ನೆಟ್ಟಗೆ ಮಲಗಿರಲಿಲ್ಲ.

ಮುಂಜಾನೆ ಡಾಕ್ಟರಬಾಯಿ ಎಲ್ಲ ಕೂಸುಗಳನ್ನು ನೋಡಿದ ಮೇಲೆ ಹೊರಗೆ ಬಂದು ಹೇಳಿದ್ದಳು: "ಸಪ್ನಾನ ಕೂಸು ಆರಾಮ ಐತ್ರಿ. ಮ್ಯಾಲಿನ ವಾರ್ಡಿನಾಗ ತಾಯಿ ಕಡೆ ಕೊಡ್ತೇವಿ. ಕಾಮಾಲಿಗೆ ಬೇಕಾದ ನೀಲಿ ಬೆಳಕಿನ ದೀಪ ಅಲ್ಲೇ ಐತಿ."

ಬಸವಣ್ಣೆಪ್ಪ ಎದ್ದು ನಿಂತು ತಲೆಯ ಪಟಕ ಸರಿಮಾಡಿಕೊಂಡ. ದನಿ ಏರಿಸಲಿಲ್ಲ. "ಬಾಯಾರ, ಮೂಡಲಗಿಯಿಂದ ಇಲ್ಲೀತನಕ ಬಂದಿದ್ದು ವಾರ್ಡ ನೋಡಾಕ ಅಲ್ರಿ. ಪೆಟಗಿ ಅಂದ ಮ್ಯಾಲೆ ಪೆಟಗಿ. ಪೂರಾ ಆರಾಮ ಆದ ಮ್ಯಾಲೆ ನಾವಾಗೇ ಒಯ್ತೇವಿ. ಯಾರಿಗರ ಫೋನ್ ಹಚ್ಚಬೇಕಂದ್ರ ಹೇಳ್ರಿ, ಈಗಿಂದೀಗ ಹಚ್ಚತೇನಿ."

ಡಾಕ್ಟರಬಾಯಿ ಚಿಕ್ಕ ವಯಸ್ಸಿನವಳು. ಆ ಹದಿನೈದು ಮುಖಗಳನ್ನು ಒಮ್ಮೆ ನೋಡಿ, "ವಾರ್ಡಿಗೆ ಕಳಿಸಬಹುದು ಅಂತ ಬರದಿಟ್ಟೇನಿ, ಸಿಸ್ಟರ್, ನೋಡ್ಕೊಳ್ಳ್ರಿ" ಎಂದು ಕಾಗದವನ್ನು ಬಾಗಿಲಲ್ಲಿದ್ದ ಸಿಸ್ಟರಿನ ಕೈಗೆ ಕೊಟ್ಟು ಆಪರೇಶನ್ನಿಗೆ ಹೋದಳು. ದಾರಿಯಲ್ಲಿ ಇಟ್ಟ ಕಲ್ಲನ್ನು ದಾಟಿ ಹೋದಂತೆ ಹೋದಳು. ಕಲ್ಲು ಸಿಸ್ಟರಿನ ಪಾಲಿಗೆ ಉಳಿಯಿತು.

ಮಧ್ಯಾಹ್ನ ಒಂದಕ್ಕೆ ಫೋನು ಬಂತು. ಅಂಕಲಗಿಯಲ್ಲಿ ಹುಟ್ಟಿದ ಕೂಸು ಅತ್ತಿಲ್ಲ, ಮೈ ನೀಲಿಗಟ್ಟಿದೆ, ಉಸಿರು ಒತ್ತುತ್ತ ಆಂಬ್ಯುಲೆನ್ಸಿನಲ್ಲಿ ತರುತ್ತಿದ್ದಾರೆ, ಇನ್ನು ಇಪ್ಪತ್ತು ನಿಮಿಷ.

ಸಿಸ್ಟರ್ ಸುಮನ್ ಎಂಟೂ ಪೆಟಗಿಯ ಕಡೆ ಒಂದು ಸುತ್ತು ನೋಡಿದಳು. ಬಾಗಿಲಿಗೆ ಬಂದು ಅರ್ಧ ತೆರೆದಳು.

"ಶೆಟ್ಟೆವ್ವಾ, ಗೊತ್ತಿಲ್ಲ ಅನಬ್ಯಾಡ ಇವತ್ತು. ಟೈಮಿಲ್ಲ. ಹೊರಗ ಸುಮ್ಮನ ಇರೋ ಮಂದಿ ಯಾರದೈತಿ ನೋಡಿ ಹೇಳು."

"ಡಾಕ್ಟರಬಾಯಿ ಬರದಾರಲ್ರಿ, ಸಪ್ನಾನ ಕೂಸು..."

"ಬರದ ಹೋದ್ರು. ಕಪಾಳಕ್ಕ ತಿನ್ನಾಕ ನಾ ಇದ್ದೇನಲ್ಲ." ಸಿಸ್ಟರ್ ಒಮ್ಮೆ ಗಡಿಯಾರ ನೋಡಿದಳು. "ದೀಪಾಂದು ತಗೀತೇನಿ ನಾ. ಅವರತ್ತಿ ಹೆಂಗೂ ಒಯ್ಯಾಕ ನಿಂತಾಳ. ಅಕಿ ಏನರ ಬಾಯಿ ಮಾಡ್ತಾಳೇನು ನೋಡಿ ಹೇಳು ಅಷ್ಟ. ಮತ್ತ ಒಂದು ಮಾತು: ನಾಳೆ ಯಾರರ ಕೇಳಿದ್ರ, ಆಯಾ ಹೇಳಿದ್ಲು ಅಂತೇನಿ. ನನ್ನ ಮ್ಯಾಲೆ ಇನ್ನೊಂದ ಪತ್ರ ಬಂದ್ರ ನನ್ನ ನೌಕರಿ ಉಳಿಯೂದಿಲ್ಲ."

ಬಾಗಿಲು ಮುಚ್ಚಿತು.

ಶೆಟ್ಟೆವ್ವ ಪಡಸಾಲೆಗೆ ತಿರುಗಿದಳು. ಬಾಳವ್ವ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಪಕ್ಕದಲ್ಲಿ ಗಂಟು ಕಟ್ಟಿ ಸಿದ್ಧವಾಗಿತ್ತು. ದೀಪಾ ಹಾಲು ಹಿಂಡುವ ಕೋಣೆಯಲ್ಲಿದ್ದಳು. ಮೂಡಲಗಿಯವರ ಜಮಖಾನೆಯ ಮೇಲೆ ಯಾರೂ ಇರಲಿಲ್ಲ. ಒಬ್ಬರೂ ಇರಲಿಲ್ಲ.

ಅವಳಿಗೆ ಆಗ ನೆನಪಾಯಿತು. ಸ್ವಲ್ಪ ಹೊತ್ತಿನ ಮುಂಚೆ ಮನೆಯಿಂದ ಜೀಪಿನಲ್ಲಿ ಬುಟ್ಟಿಗಟ್ಟಲೆ ಊಟ ಬಂದಿತ್ತು. ಗಂಡಸರು ಹಿಂದಿನ ಬೇವಿನ ಮರದ ಕೆಳಗೆ ಪಂಕ್ತಿ ಕೂತಿದ್ದರು. ಮಾಯಾ ಬಾಗಿಲು ಬಿಟ್ಟು ಏಳಲು ಒಲ್ಲೆನೆಂದಿದ್ದಳು. "ಅಲ್ಲಿ ಮಂದಿ ಹಸಗೊಂಡು ಕುಂತೈತಿ, ಬಡಸಾಕ ಯಾರ ಬರಬೇಕು? ಕೈ ಇಲ್ಲೇನು ನಿನಗ?" ಎಂದು ಯಾರೋ ಗದರಿ ಅವಳನ್ನು ಎಬ್ಬಿಸಿಕೊಂಡು ಹೋಗಿದ್ದರು. ಅಷ್ಟು ಗಂಡಸರ ಕೈಗೆ ತಟ್ಟೆಗೆ ಅನ್ನ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಹಾಗಾಗಿ ಈಗ ಇಲ್ಲಿ ಗಾಜು ಬಡಿಯುವವರು ಯಾರೂ ಉಳಿದಿರಲಿಲ್ಲ. ಕೂಸಿನ ತಾಯಿ ಸಪ್ನಾ ಮೇಲಿನ ವಾರ್ಡಿನಲ್ಲಿ ಹೊಲಿಗೆಯ ನೋವಿಗೆ ಮಗ್ಗುಲಾಗಿದ್ದಳು. ಅವಳನ್ನು ಮೂರು ದಿನದಲ್ಲಿ ಯಾರೂ ಏನೂ ಕೇಳಿರಲಿಲ್ಲ. ಕೂಸು ಬಾಜೂ ಬಂದರೆ ಬೇಡ ಎನ್ನುವವಳಲ್ಲ ಆಕೆ.

ಊಟ ಮುಗಿಯಲು ಇನ್ನು ಹದಿನೈದು ನಿಮಿಷ. ಆಮೇಲೆ ಅವರು ಬರುತ್ತಾರೆ. ಬಾಗಿಲಿನಲ್ಲಿ ಸಿಗುವವಳು ಸಿಸ್ಟರ್ ಅಲ್ಲ, ಡಾಕ್ಟರಬಾಯಿಯಂತೂ ಅಲ್ಲ. ಗುತ್ತಿಗೆಯವನಿಗೆ ಒಂದು ಫೋನು ಹೋದರೆ ನಾಳೆಯಿಂದ ನೀಲಿ ಸೀರೆ ಇಲ್ಲ. ಶಿವಪುತ್ರ ಏನನ್ನುತ್ತಾನೆ ಎಂಬುದು ಅವಳಿಗೆ ಬಾಯಿಪಾಠವಿತ್ತು: ನಿನಗ್ಯಾಕ ಬೇಕಿತ್ತು ಊರ ಉಸಾಬರಿ, ಸುಮ್ಮನ ಇರಾಕ ಆಗಲಿಲ್ಲೇನು.

ದೀಪಾನ ಹೆಸರು ಹೇಳಬೇಕಾಗಿಯೂ ಇರಲಿಲ್ಲ. ಹೌದು ರಿ ಎಂದರೆ ಸಾಕಿತ್ತು. ಏನೂ ಹೇಳದಿದ್ದರೂ ಸಾಕಿತ್ತು. ಎಂಟು ವರ್ಷ ಅಷ್ಟರಲ್ಲೇ ನಡೆದಿತ್ತು. ದೀಪಾ ಅಳುವುದೂ ದನಿ ತೆಗೆದು ಅಲ್ಲ. ಸಂಜೆಯ ಬಸ್ಸಿನಲ್ಲಿ ಕೂಸನ್ನು ಮಡಿಲಿಗೆ ಹಾಕಿಕೊಂಡು ಹೋಗುತ್ತಾಳೆ, ಎಂದಾದರೂ ಸಿಕ್ಕರೆ ಉಪಕಾರ ಸ್ಮರಿಸುತ್ತಾಳೆ.

ಇದರಲ್ಲಿ ನ್ಯಾಯವೇನೂ ಇಲ್ಲ ಎಂಬುದು ಶೆಟ್ಟೆವ್ವನಿಗೆ ಗೊತ್ತಿತ್ತು. ಕಾಗದದ ಮೇಲೆ ಬರೆದದ್ದು ನಡೆಯುವುದಾದರೆ ಯಾರ ಮಂದಿ ಊಟಕ್ಕೆ ಹೋಗಿದ್ದಾರೆ ಎಂದು ನೋಡುವ ಅಗತ್ಯವೇ ಇರಲಿಲ್ಲ. ತಾನೂ ಅದೇ ಆಟ ಆಡಲಿದ್ದೇನೆ, ಕಾಯಿ ಮಾತ್ರ ತಿರುವಿ ಇಟ್ಟು. ಹೊರಗೆ ದೂರದಲ್ಲಿ ಆಂಬ್ಯುಲೆನ್ಸಿನ ಸದ್ದು ಕೇಳಿಸಿತು, ಇಲ್ಲವೇ ಕೇಳಿಸಿದಂತಾಯಿತು. ಬೇವಿನ ಮರದ ಕಡೆಯಿಂದ ಯಾರೋ ಇನ್ನೊಂದು ಹೋಳಿಗೆ ಹಾಕು ಎಂದು ಮಾಯಾಳನ್ನು ಕರೆಯುತ್ತಿದ್ದರು.

ಯಾರನ್ನೂ ಕೇಳುವಂತಿರಲಿಲ್ಲ. ಕೇಳಿದರೆ ಹೇಳುವವರೂ ಇರಲಿಲ್ಲ. ಶೆಟ್ಟೆವ್ವ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಬಾಗಿಲಿನ ಗಾಜನ್ನು ಬೆರಳಿನಿಂದ ಬಡಿದಳು. ಸಿಸ್ಟರ್ ಸುಮನ್ ತಲೆ ಹೊರಗೆ ಹಾಕಿದಳು.

"ಸಪ್ನಾನ ಕೂಸಿನ ಮಂದಿ ಸುಮ್ಮನ ಅದಾರ್ರಿ" ಎಂದಳು ಶೆಟ್ಟೆವ್ವ. "ಒಬ್ಬರ ದನಿ ಇಲ್ಲ. ನಾ ಹೇಳಿದೆ ಅಂತ ಬರಕೋರಿ."